ಸಸಿ ಮಾಡಲು ಸೋವಿ ಪಾತ್ರೆ: ಮೊದಲು ಬೇರು ನೋಡಿ

"ಬೀಜ ಎಲ್ಲ ಹುಟ್ಟಿತ್ತು ಮಾರಾಯ್ರೇ, ನೆಡುವ ಹೊತ್ತಿಗೆ ಹತ್ತು ಸಸಿಯೂ ಉಳಿಯಲಿಲ್ಲ." ತರಕಾರಿ ಮಾಡುವವರ ಬಾಯಲ್ಲಿ ವರ್ಷವೂ ಕೇಳಿಬರುವ ಮಾತಿದು. ಅಂಗಡಿಯ ಪೊಟ್ಟಣದ ಬೀಜವಾದರೆ ಹಣ ಹೋಯಿತು, ಇನ್ನೊಂದು ಪೊಟ್ಟಣ ತಂದರಾಯಿತು. ಆದರೆ ನೆಂಟರ ಮನೆಯಿಂದ ಕಾಗದದಲ್ಲಿ ಕಟ್ಟಿಕೊಂಡು ಬಂದ ಚಿಟಿಕೆ ಬದನೆ ಬೀಜವೋ, ಅಜ್ಜಿಯ ಕಾಲದಿಂದ ಒಲೆಯ ಮೇಲೆ ಹೊಗೆಗೆ ತೂಗುತ್ತ ಬಂದ ಹೀರೆಯ ಬೀಜವೋ ಆದರೆ? ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೈಯಲ್ಲಿದ್ದ ಬೀಜವೆಲ್ಲ ಒಂದೇ ಸಲ ಕೆಟ್ಟರೆ ಆ ಮನೆಯಲ್ಲಿ ಆ ತಳಿಯ ಕತೆ ಮುಗಿಯಿತು. ಉಡುಪಿ ಬಳಿಯ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದು ಅಷ್ಟು ಕಾಲ ಉಳಿದದ್ದು ಬೆಳೆಗಾರರೇ ಬೀಜ ತೆಗೆದು ಸಸಿ ಮಾಡಿಕೊಂಡು ಬಂದದ್ದರಿಂದ.

ಹಾಗಾಗಿ ಸಸಿ ಮಾಡುವ ಕೆಲಸ ಸಣ್ಣದಲ್ಲ. ಆದರೆ ಅದಕ್ಕೆ ದೊಡ್ಡ ಖರ್ಚೂ ಬೇಡ. "ಯಾವ ಟ್ರೇ ತರಲಿ, ಎಷ್ಟು ದೊಡ್ಡ ತೊಟ್ಟೆ ತರಲಿ" ಎಂದು ಪೇಟೆಗೆ ಹೊರಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಗಿಡ ಕಿತ್ತು ನೆಟ್ಟರೆ ತಾಳುತ್ತದೆಯೇ? ಪಾತ್ರೆಯಲ್ಲಿ ಎಷ್ಟು ದಿನ ಇರಬೇಕು? ನನಗೆ ಬೇಕಾದ ಸಸಿ ಎಷ್ಟು? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಪಾತ್ರೆ ತಾನಾಗಿ ತೀರ್ಮಾನವಾಗುತ್ತದೆ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಹೆಚ್ಚಿನ ಸಲ ಅದು ತೋಟದಲ್ಲೇ ಬಿದ್ದಿರುತ್ತದೆ.

ಬೇರಿನ ಗುಣ: ಮೂರು ಗುಂಪು

ಮೊದಲ ಗುಂಪು ಬದನೆ, ಟೊಮೆಟೊ, ಮೆಣಸು, ಹೂಕೋಸು, ಎಲೆಕೋಸು. ಇವುಗಳ ಬೇರು ಸ್ವಲ್ಪ ಹರಿದರೂ ಬೇಗ ಹೊಸ ಬೇರು ಬರುತ್ತದೆ. ಇವಕ್ಕೆ ಬೀಜಕ್ಕೊಂದು ಪಾತ್ರೆ ಬೇಡ. ಒಂದೇ ಅಗಲ ಪಾತ್ರೆಯಲ್ಲಿ ಸಾಲಾಗಿ ಬಿತ್ತಿ ಕಿತ್ತು ನೆಟ್ಟರೆ ಸಾಕು. ಒಂದು ಗ್ರಾಂ ಬದನೆ ಬೀಜದಲ್ಲಿ 200 ಮೀರಿ ಬೀಜಗಳಿರುತ್ತವೆ. ಅಷ್ಟಕ್ಕೂ ಒಂದೊಂದು ತೊಟ್ಟೆ ಎಂದರೆ ಮಣ್ಣು ತುಂಬಿಸುವುದರಲ್ಲೇ ದಿನ ಹೋಗುತ್ತದೆ.

ಎರಡನೆಯದು ಬಳ್ಳಿ ತರಕಾರಿ: ಸೌತೆ, ಹಾಗಲ, ಹೀರೆ, ಪಡುವಲ, ಕುಂಬಳ, ಸೋರೆ. ಇವುಗಳ ಬೇರು ಮುಟ್ಟಿದರೆ ಮುನಿಯುತ್ತದೆ. ಗುಂಡಿಗೇ ಬೀಜ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಇಲಿ, ನವಿಲು, ಬಸವನಹುಳುವಿನ ಉಪದ್ರ ಇದ್ದರೆ, ಅಥವಾ ಬೀಜ ತೀರ ಕಡಿಮೆ ಇದ್ದರೆ ಮಾತ್ರ ಪಾತ್ರೆಯಲ್ಲಿ ಸಸಿ ಮಾಡಿ. ಆಗ ಬೀಜಕ್ಕೊಂದು ಪಾತ್ರೆ ಬೇಕು. ಅದು ಮಣ್ಣಿನಲ್ಲಿ ಕರಗುವಂಥದ್ದಾಗಿ, ಸಸಿ ಸಮೇತ ಹೂಳುವಂತಿರಬೇಕು. ಬೆಂಡೆ, ಅಲಸಂಡೆಗಂತೂ ಪಾತ್ರೆಯ ಯೋಚನೆಯೇ ಬೇಡ, ನೇರ ಬಿತ್ತಿ.

ಮೂರನೆಯದು ಪಪ್ಪಾಯಿ, ನುಗ್ಗೆ, ಅಡಿಕೆಯಂಥ ಹೆಚ್ಚು ದಿನ ಪಾತ್ರೆಯಲ್ಲಿ ಇರುವ ಗಿಡಗಳು. ಇವಕ್ಕೆ ಆಳ ಬೇಕು, ತಾಳಿಕೆ ಬೇಕು. ಇಲ್ಲಿ ಎಲೆಯ ಕೊಟ್ಟೆ ನಡೆಯುವುದಿಲ್ಲ.

ಪಾತ್ರೆಗೆ ಬೇಕಾದದ್ದು ಏನು?

ಒಂದು, ತಳದಲ್ಲಿ ತೂತು. ತೂತಿಲ್ಲದ ಪಾತ್ರೆ ಎಷ್ಟೇ ಚಂದ ಇರಲಿ, ಅದು ಸಸಿಗೆ ಬಾವಿ. ಸಣ್ಣದು ಒಂದೇ ತೂತಾದರೆ ಮಣ್ಣು ಕಟ್ಟಿಕೊಳ್ಳುತ್ತದೆ, ನಾಲ್ಕಾರು ಇರಲಿ.

ಎರಡು, ತಕ್ಕ ಆಳ. ಇಲ್ಲೊಂದು ವಿಷಯ ತಿಳಿದಿರಬೇಕು. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಕ್ಕೆ ಹಿಡಿಯಿರಿ. ಹನಿ ಬೀಳುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಮಣ್ಣೂ ಹಾಗೆಯೇ. ಪಾತ್ರೆ ಯಾವುದಿರಲಿ, ಅದರ ತಳದಲ್ಲಿ ಸ್ವಲ್ಪ ದಪ್ಪಕ್ಕೆ ನೀರು ಹಿಡಿದು ನಿಲ್ಲುತ್ತದೆ. ಆಳದ ಪಾತ್ರೆಯಲ್ಲಿ ಬೇರು ಅದಕ್ಕಿಂತ ಮೇಲೆ ಇರುತ್ತದೆ, ತೊಂದರೆಯಿಲ್ಲ. ಎರಡಿಂಚಿನ ಪಾತ್ರೆಯಲ್ಲಿ ಬೇರು ಆ ಕೆಸರಿನಲ್ಲೇ ನಿಲ್ಲಬೇಕಾಗುತ್ತದೆ. ಆದ್ದರಿಂದ ಪಾತ್ರೆ ಆಳ ಕಡಿಮೆಯಾದಷ್ಟೂ ಮಿಶ್ರಣದಲ್ಲಿ ಹೊಯಿಗೆ ಹೆಚ್ಚಿರಬೇಕು. ತಳಕ್ಕೆ ಜಲ್ಲಿಕಲ್ಲು ಹಾಸುವ ಅಭ್ಯಾಸ ಹಲವರಲ್ಲಿದೆ. ಅದರಿಂದ ನೀರು ಬೇಗ ಇಳಿಯುವುದಿಲ್ಲ, ಇದ್ದ ಆಳವೂ ಕಡಿಮೆಯಾಗುತ್ತದೆ. ತೂತಿನ ಮೇಲೆ ಒಂದು ಹಂಚಿನ ಚೂರು ಅಥವಾ ತೆಂಗಿನ ಸಿಪ್ಪೆಯ ನಾರು ಇಟ್ಟರೆ ಸಾಕು.

ಮೂರು, ಸಸಿ ಸುಲಭದಲ್ಲಿ ಹೊರಬರಬೇಕು. ಬಾಯಿ ಕಿರಿದು, ಹೊಟ್ಟೆ ಅಗಲ ಇರುವ ಡಬ್ಬಿ, ಬಾಟಲಿಯಲ್ಲಿ ಸಸಿ ಚೆನ್ನಾಗಿ ಬೆಳೆಯಬಹುದು. ತೆಗೆಯುವಾಗ ಮಣ್ಣು ಒಡೆದು ಬೇರು ಹರಿಯುತ್ತದೆ.

ಮನೆಯಲ್ಲೇ ಸಿಗುವ ಪಾತ್ರೆಗಳು

ಅಡಿಕೆ ಹಾಳೆ: ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ಪ್ರತಿಯೊಂದರ ಜೊತೆಗೆ ಒಂದು ಹಾಳೆ ಸಿಗುತ್ತದೆ. ತೂತು, ಹರುಕು ಇಲ್ಲದ ಹಾಳೆ ಆರಿಸಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಮೆದು ಮಾಡಿ. ನಾಲ್ಕೂ ಬದಿ ಮೂರು ಇಂಚು ಎತ್ತರಕ್ಕೆ ಮಡಚಿ, ಮೂಲೆಗಳಿಗೆ ಹಿಡಿಸೂಡಿಯ ಕಡ್ಡಿ ಚುಚ್ಚಿದರೆ ಟ್ರೇ ಸಿದ್ಧ. ಬಿಸಿ ಮಾಡಿದ ಮೊಳೆಯಿಂದ ತಳಕ್ಕೆ ಹತ್ತು ಹನ್ನೆರಡು ತೂತು ಮಾಡಿ. ಮಣ್ಣು ತುಂಬಿದ ಹಾಳೆಯನ್ನು ಎರಡು ಕೈಯಲ್ಲಿ ಎತ್ತಿದರೆ ನಡು ಬಗ್ಗುತ್ತದೆ, ಅಡಿಗೊಂದು ಹಲಗೆಯೋ ಸಲಾಕೆಯೋ ಇರಲಿ. ಬದನೆ, ಟೊಮೆಟೊ, ಮೆಣಸಿನ ಬೀಜ ಹುಟ್ಟಿಸಲು ಇದಕ್ಕಿಂತ ಸೋವಿಯದು ಬೇರೆ ಇಲ್ಲ. ಒಂದು ಸಲದ ಸಸಿಗೆ ತಾಳುತ್ತದೆ, ಮತ್ತೆ ಗೊಬ್ಬರದ ಗುಂಡಿಗೆ ಹಾಕಿಬಿಡಿ.

ತೆಂಗಿನ ಗೆರಟೆ: ಗೆರಟೆಯಲ್ಲಿ ಎರಡು ಭಾಗ ಉಂಟಲ್ಲ, ಕಣ್ಣಿರುವ ಭಾಗವನ್ನೇ ಆರಿಸಿ. ಮೂರು ಕಣ್ಣುಗಳಲ್ಲಿ ಒಂದು ಮೆದು. ಮೊಳಕೆ ಹೊರಬರುವುದು ಅದರಿಂದಲೇ. ಒಂದು ಮೊಳೆಯಿಂದ ಒತ್ತಿದರೆ ತೂತು ಆಗುತ್ತದೆ. ಇನ್ನೊಂದು ಭಾಗಕ್ಕೆ ತೂತು ಕೊರೆಯಲು ಹೋದರೆ ಶ್ರಮವೂ ಹೆಚ್ಚು, ಒಡೆಯುವುದೂ ಹೆಚ್ಚು. ಅದು ಒಲೆಗಿರಲಿ. ಗೆರಟೆ ಬಾಯಿ ಅಗಲ, ತಳ ಕಿರಿದು ಇರುವುದರಿಂದ ಮಗುಚಿ ತಟ್ಟಿದರೆ ಮಣ್ಣಿನ ಉಂಡೆ ಸಮೇತ ಸಸಿ ಹೊರಬರುತ್ತದೆ. ಹಾಳೆಯಲ್ಲಿ ಹುಟ್ಟಿದ ಮೆಣಸು, ಬದನೆಯನ್ನು ಒಂದೊಂದಾಗಿ ಇದಕ್ಕೆ ದಾಟಿಸಬಹುದು. ದುಂಡಗಿನ ತಳ ನಿಲ್ಲುವುದಿಲ್ಲ. ಹೊಯಿಗೆಯ ಮೇಲೆ ಸಾಲಾಗಿ ಒತ್ತಿಡಿ. ವರ್ಷಗಟ್ಟಲೆ ಬಾಳಿಕೆ ಬರುತ್ತದೆ.

ಒಂದು ಎಚ್ಚರಿಕೆ: ಕೆಲಸ ಮುಗಿದ ಗೆರಟೆ, ಹಾಳೆ ಅಂಗಳದಲ್ಲಿ ಮಲಗಿದಲ್ಲೇ ಬಿಡಬೇಡಿ. ಮಳೆನೀರು ನಿಂತರೆ ಡೆಂಗ್ಯು ಹರಡುವ ಸೊಳ್ಳೆಗೆ ಅದೇ ತೊಟ್ಟಿಲು. ಕವುಚಿ ಹಾಕಿ, ಇಲ್ಲವೇ ಮಾಡಿನಡಿ ರಾಶಿ ಹಾಕಿ.

ಎಲೆಯ ಕೊಟ್ಟೆ: ಕಡುಬಿಗೆ ಹಲಸಿನ ಎಲೆಯ ಕೊಟ್ಟೆ ಕಟ್ಟುವುದು ನಮ್ಮಲ್ಲಿ ಗೊತ್ತಿಲ್ಲದವರಿಲ್ಲ. ನಾಲ್ಕು ಎಲೆ, ನಾಲ್ಕು ಕಡ್ಡಿ. ಅದೇ ಕೊಟ್ಟೆ ಬಳ್ಳಿ ತರಕಾರಿಗೆ ಹೇಳಿ ಮಾಡಿಸಿದ್ದು. ಸೌತೆ, ಹಾಗಲಕ್ಕೆ ಪಾತ್ರೆಯಲ್ಲಿ ಬೇಕಾದ ಕಾಲ 12ರಿಂದ 15 ದಿನ ಮಾತ್ರ. ಅಷ್ಟು ದಿನ ಹಲಸಿನ ಎಲೆ ತಾಳುತ್ತದೆ. ನೆಡುವಾಗ ಕಡ್ಡಿ ಎಳೆದು ಕೊಟ್ಟೆ ಸಮೇತ ಹೂಳಿ, ಬೇರಿಗೆ ಸುದ್ದಿಯೇ ಗೊತ್ತಾಗುವುದಿಲ್ಲ. ಬಾಳೆ ಎಲೆಯ ದೊನ್ನೆ ಇದಕ್ಕಿಂತ ಬೇಗ ಕೊಳೆಯುತ್ತದೆ, ವಾರದೊಳಗೆ ನೆಡುವುದಾದರೆ ಮಾತ್ರ ಆದೀತು.

ಪೇಪರಿನ ಕೊಟ್ಟೆ: ಹಳೆ ದಿನಪತ್ರಿಕೆಯ ಅರ್ಧ ಹಾಳೆಯನ್ನು ಬಾಟಲಿಗೆ ಎರಡು ಮೂರು ಸುತ್ತು ಸುತ್ತಿ, ತಳವನ್ನು ಮಡಚಿ ಒತ್ತಿ ಬಾಟಲಿ ಎಳೆದುಕೊಳ್ಳಿ. ಅಂಟು ಬೇಡ. ಇವನ್ನು ಬಿಡಿಯಾಗಿ ಇಡಬೇಡಿ, ಒಂದಕ್ಕೊಂದು ಒತ್ತಿ ಹಾಳೆಯ ಟ್ರೇಯಲ್ಲಿ ಜೋಡಿಸಿ. ಹೂಳುವಾಗ ಪೇಪರಿನ ಅಂಚು ಮಣ್ಣಿನ ಮೇಲೆ ಕಾಣಬಾರದು. ಕಂಡರೆ ಅದು ಒಣಗಿ ಒಳಗಿನ ತೇವವನ್ನು ಹೀರುತ್ತದೆ. ಹೊಳೆಯುವ ಬಣ್ಣದ ಕಾಗದ ಬಳಸಬೇಡಿ, ಅದು ಬೇಗ ಕರಗುವುದಿಲ್ಲ.

ಹಾಲಿನ ತೊಟ್ಟೆ: ಅರ್ಧ ಲೀಟರಿನ ತೊಟ್ಟೆಯ ಮೇಲ್ಭಾಗವನ್ನು ಪೂರ್ತಿ ಕತ್ತರಿಸಿ ಚೆನ್ನಾಗಿ ತೊಳೆಯಿರಿ, ಹಾಲಿನ ವಾಸನೆ ಉಳಿದರೆ ಇರುವೆ ಬರುತ್ತದೆ. ತಳದಲ್ಲಿ ಮತ್ತು ಬದಿಯ ಕೆಳಭಾಗದಲ್ಲಿ ಆರೆಂಟು ತೂತು ಮಾಡಿ. ಪಪ್ಪಾಯಿ, ನುಗ್ಗೆಗೆ ಇದು ಸಾಕು. ನೆಡುವಾಗ ತೊಟ್ಟೆಯನ್ನು ಸುತ್ತ ಒತ್ತಿ ಸಡಿಲಿಸಿ ಎಳೆದುಕೊಳ್ಳಿ, ಮರುವರ್ಷಕ್ಕೂ ಆಗುತ್ತದೆ. "ತಳ ಹರಿದರಾಯಿತು" ಎಂದು ತೊಟ್ಟೆ ಸಮೇತ ಹೂಳುವವರಿದ್ದಾರೆ. ಬೇರು ಒಳಗೇ ಸುತ್ತುತ್ತದೆ, ಪ್ಲಾಸ್ಟಿಕ್ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತೋಟದಲ್ಲೇ ಇರುತ್ತದೆ.

ಮಣ್ಣಿಗೆ ಹಣ ಬೇಡ, ಜಾಗ್ರತೆ ಬೇಕು

ಪಾತ್ರೆಯ ಮೇಲೆ ದೂರು ಬರುವಲ್ಲಿ ಹೆಚ್ಚಿನ ಸಲ ತಪ್ಪು ಮಣ್ಣಿನದ್ದು. ಸುಡುಮಣ್ಣು, ಜರಡಿ ಹಿಡಿದ ಹಳೆ ಹಟ್ಟಿಗೊಬ್ಬರ, ಹೊಳೆಯ ಹೊಯಿಗೆ ಸಮಪಾಲು ಸೇರಿಸಿದರೆ ಒಳ್ಳೆಯ ಮಿಶ್ರಣ. ಹಾಳೆಯಂಥ ಆಳವಿಲ್ಲದ ಪಾತ್ರೆಗೆ ಹೊಯಿಗೆ ಒಂದೂವರೆ ಪಾಲು ಇರಲಿ. ಕಡಲ ಬದಿಯ ಉಪ್ಪು ಹೊಯಿಗೆ ಬೇಡ. ಸುಡುಮಣ್ಣಿನಲ್ಲಿ ಕಳೆಬೀಜ, ರೋಗದ ಶಿಲೀಂಧ್ರ ಸತ್ತಿರುತ್ತವೆ. ಹಾಗೆಂದು ಬರೀ ಬೂದಿ ಸುರಿಯಬೇಡಿ, ಎಳೆ ಬೇರು ಸುಡುತ್ತದೆ. ಹಸಿ ಸೆಗಣಿಯೂ ಬೇಡ.

ಮಣ್ಣು ಸುಡಲು ಅನುಕೂಲ ಇಲ್ಲದವರು ಬೇಸಿಗೆಯಲ್ಲಿ ಮಣ್ಣನ್ನು ಒದ್ದೆ ಮಾಡಿ ತೆಳ್ಳಗೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಮಣ್ಣು ಹೇರಿ 4ರಿಂದ 6 ವಾರ ಬಿಸಿಲಿಗೆ ಬಿಡಿ. ಒಳಗಿನ ಕಾವಿಗೆ ಬಹುಪಾಲು ರೋಗಾಣು, ಕಳೆಬೀಜ ಸಾಯುತ್ತವೆ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯೇ ಇದಕ್ಕೆ ಒಳ್ಳೆಯದು.

ತೆಂಗಿನ ನಾರಿನ ಹುಡಿ ಹಗುರ, ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಆದರೆ ಹಸಿ ಹುಡಿಯಲ್ಲಿ ಒಗರಿನ ಅಂಶ, ಕೆಲವೊಮ್ಮೆ ಉಪ್ಪೂ ಇರುತ್ತದೆ. ಹಲವು ಸಲ ನೀರು ಬದಲಿಸಿ ತೊಳೆದು, ಕಾಂಪೋಸ್ಟ್ ಮಾಡಿಯೇ ಬಳಸಬೇಕು. ಅದರಲ್ಲಿ ಗೊಬ್ಬರದ ಸತ್ವ ಕಡಿಮೆ, ಬರೀ ಅದರಲ್ಲೇ ಸಸಿ ಬೆಳೆಸಿದರೆ ಗೊಬ್ಬರ ಕೊಡಬೇಕಾಗುತ್ತದೆ.

ಹುಟ್ಟಿದ ಸಸಿಯ ಬುಡ ಮಣ್ಣಿನ ಮಟ್ಟದಲ್ಲಿ ಸಣ್ಣದಾಗಿ, ಕೊಳೆತು, ಅಡ್ಡ ಬಿದ್ದರೆ ಅದು ಬುಡ ಕೊಳೆಯುವ ರೋಗ. "ಹುಟ್ಟಿತ್ತು, ಉಳಿಯಲಿಲ್ಲ" ಎಂಬ ದೂರಿನ ಹಿಂದೆ ಇರುವುದು ಬಹಳ ಸಲ ಇದೇ ಶಿಲೀಂಧ್ರ. ದಟ್ಟವಾಗಿ ಬಿತ್ತುವುದು, ಸಂಜೆ ಹೊತ್ತು ನೀರು ತುಂಬಿಸುವುದು, ಗಾಳಿಯಾಡದ ಜಾಗ, ಕಳೆದ ವರ್ಷದ ಮಣ್ಣು ಮೆತ್ತಿದ ಪಾತ್ರೆ, ಈ ನಾಲ್ಕೂ ಅದಕ್ಕೆ ದಾರಿ. ಸಾಲಿನಿಂದ ಸಾಲಿಗೆ ಎರಡು ಬೆರಳು ಅಂತರ ಬಿಡಿ. ಬೆಳಿಗ್ಗೆ ನೀರು ಕೊಡಿ. ಹಳೆ ಪಾತ್ರೆ ತಿಕ್ಕಿ ತೊಳೆದು ಎರಡು ದಿನ ಬಿಸಿಲಿಗಿಡಿ. ಗೊಬ್ಬರಕ್ಕೆ ಟ್ರೈಕೋಡರ್ಮ ಬೆರೆಸಿಟ್ಟರೆ ಇನ್ನೂ ಒಳ್ಳೆಯದು.

ಸಲಕರಣೆ: ಐದು ಸಾಕು

ನೀರಿನ ಡಬ್ಬಿ: ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಬಿಸಿ ಸೂಜಿಯಿಂದ ಎಂಟು ಹತ್ತು ತೂತು ಮಾಡಿ. ಬಗ್ಗಿಸಿ ಒತ್ತಿದರೆ ಸೋನೆ ಮಳೆಯಂತೆ ನೀರು ಬೀಳುತ್ತದೆ. ಚೆಂಬಿನಿಂದ ಸುರಿದರೆ ಸಣ್ಣ ಬೀಜ ತೇಲಿ ಒಂದು ಮೂಲೆಗೆ ಸೇರುತ್ತದೆ.

ಜರಡಿ: ಹಳೆ ಸೊಳ್ಳೆ ಜಾಲರಿಯನ್ನು ಮರದ ಚೌಕಟ್ಟಿಗೆ ಬಡಿದರೆ ಆಯಿತು. ಬೀಜದ ಮೇಲೆ ಮುಚ್ಚುವ ಮಣ್ಣಿಗೆ ಇದು ಬೇಕೇ ಬೇಕು. ಬೀಜದ ದಪ್ಪದ ಎರಡು ಮೂರು ಪಟ್ಟು ಮಣ್ಣು ಮುಚ್ಚಿದರೆ ಸಾಕು. ಬದನೆ ಬೀಜವನ್ನು ಒಂದಿಂಚು ಕೆಳಗೆ ಹಾಕಿದರೆ ಅದು ಮೇಲೆ ಬರಲಾರದು.

ಗುರುತಿನ ಕಡ್ಡಿ: ಪೆನ್ಸಿಲ್ ದಪ್ಪದ ಕೋಲಿಗೆ ಅರ್ಧ ಇಂಚು, ಒಂದಿಂಚು, ಎರಡಿಂಚಿಗೆ ಕತ್ತಿಯಿಂದ ಗೀರು ಹಾಕಿಡಿ. ಬಿತ್ತಲು ತೂತು ಮಾಡುವುದಕ್ಕೂ, ಸಸಿ ಎಬ್ಬಿಸುವುದಕ್ಕೂ ಇದೇ ಸಾಕು. ಎಬ್ಬಿಸುವಾಗ ಎಲೆ ಹಿಡಿಯಿರಿ, ದಂಟು ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ದಂಟು ಜಜ್ಜಿದರೆ ಸಸಿಯೇ ಹೋಯಿತು.

ಹೆಸರಿನ ಪಟ್ಟಿ: ಬಿಳಿ ಪ್ಲಾಸ್ಟಿಕ್ ಡಬ್ಬಿಯಿಂದ ಕತ್ತರಿಸಿದ ಪಟ್ಟಿಯ ಮೇಲೆ ಪೆನ್ಸಿಲಿನಿಂದ ತಳಿ, ಬಿತ್ತಿದ ದಿನ ಬರೆಯಿರಿ. ಪೆನ್ನಿನ ಶಾಯಿ ನೀರು, ಬಿಸಿಲಿಗೆ ಅಳಿಯುತ್ತದೆ, ಪೆನ್ಸಿಲಿನದು ಉಳಿಯುತ್ತದೆ. ಊರ ತಳಿ ಉಳಿಸುವವರಿಗೆ ಈ ಪಟ್ಟಿ ಪಾತ್ರೆಯಷ್ಟೇ ಮುಖ್ಯ.

ನೆರಳು: ತೆಂಗಿನ ಮಡಲಿನ ಹೆಣೆದ ತಟ್ಟಿ. ಮೊಳಕೆ ಬರುವ ತನಕ ನೆರಳು, ಬಂದ ಕೂಡಲೇ ಬೆಳಗ್ಗಿನ ಬಿಸಿಲು. ನೆರಳು ಹೆಚ್ಚಾದರೆ ಸಸಿ ಉದ್ದ ಎಳೆದು ಸೊಣಕಲಾಗುತ್ತದೆ. ನೆಡುವ ನಾಲ್ಕೈದು ದಿನ ಮೊದಲು ತಟ್ಟಿ ತೆಗೆದು, ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿ ಮಾಡಿ. ಮಳೆಗಾಲದಲ್ಲಿ ಮಾತ್ರ ಮಾಡಿನ ಹನಿ ಬೀಳದ, ಬೆಳಕಿರುವ ಜಗಲಿ ಬೇಕು.

ಹಬ್ಬ ನೋಡಿ ಬಿತ್ತಿ

ಕೊಯ್ಲಾದ ಗದ್ದೆಯಲ್ಲಿ ದೀಪಾವಳಿ ಹೊತ್ತಿಗೆ ತರಕಾರಿ ನೆಡುವವರಿಗೆ ಹಬ್ಬಗಳೇ ಲೆಕ್ಕ. ಮೆಣಸಿಗೆ 35ರಿಂದ 40 ದಿನ ಬೇಕು, ಪಿತೃಪಕ್ಷದಲ್ಲಿ ಬಿತ್ತಿ. ಬದನೆ, ಟೊಮೆಟೊಗೆ 25ರಿಂದ 30 ದಿನ, ನವರಾತ್ರಿಯ ಆರಂಭಕ್ಕೆ ಬಿತ್ತಿ. ಕೊಟ್ಟೆಯಲ್ಲಿ ಮಾಡುವ ಸೌತೆ, ಹಾಗಲವನ್ನು ವಿಜಯದಶಮಿ ಕಳೆದು ನಾಲ್ಕೈದು ದಿನಕ್ಕೆ ಹಾಕಿದರೂ ಸಾಕು. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಬಳ್ಳಿಯ ಸಸಿ ಕೊಟ್ಟೆಯಲ್ಲೇ ಮುದಿಯಾಗುತ್ತದೆ, ಮೆಣಸು ಇನ್ನೂ ಎಳೆಯದೇ ಇರುತ್ತದೆ. ಎರಡು ನಿಜವಾದ ಎಲೆ ಬಂದ ಬಳ್ಳಿಯ ಸಸಿಯನ್ನು ತಡ ಮಾಡದೆ ನೆಡಿ. ಹಾಗಲ, ಪಡುವಲದ ಬೀಜದ ಸಿಪ್ಪೆ ಗಟ್ಟಿ, ರಾತ್ರಿ ನೆನೆಹಾಕಿ ಬಿತ್ತಿ.

ಹಣ ಹಾಕಬೇಕಾದಲ್ಲಿ ಹಾಕಿ

ಎಲ್ಲ ಕಡೆಯೂ ಉಳಿತಾಯ ಲಾಭವಲ್ಲ. ಸಾವಿರಗಟ್ಟಲೆ ಸಸಿ ಬೇಕಾದವರಿಗೆ ಟ್ರೇಯೇ ಸರಿ. ತರಕಾರಿಗೆ ಹೆಚ್ಚು ಬಳಕೆಯಲ್ಲಿರುವುದು 98 ಕುಳಿಯದ್ದು. ಒಂದು ಟ್ರೇಗೆ ಸುಮಾರು ಒಂದೂಕಾಲು ಕಿಲೋ ನಾರಿನ ಹುಡಿ ಹಿಡಿಯುತ್ತದೆ. ಕುಳಿಗೊಂದು ಬೀಜ, ಬೇರು ಹರಿಯದೆ ಉಂಡೆಯಾಗಿ ಬರುತ್ತದೆ, ಸಾಗಿಸಲೂ ಸುಲಭ. ಲೆಕ್ಕ ಹೀಗೆ ಹಾಕಿ: ಟ್ರೇಯ ಬೆಲೆಯನ್ನು 98ರಿಂದ ಭಾಗಿಸಿ, ಬಂದದ್ದನ್ನು ಎಷ್ಟು ಸಲ ಬಳಸುತ್ತೀರೋ ಅದರಿಂದ ಮತ್ತೆ ಭಾಗಿಸಿ. ಐದಾರು ಸಲ ಬಳಸುವವರಿಗೆ ಸಸಿಗೆ ಬೀಳುವ ಖರ್ಚು ಅತ್ಯಲ್ಪ. ವರ್ಷಕ್ಕೊಮ್ಮೆ 30 ಬದನೆ ಗಿಡ ನೆಡುವವರಿಗೆ ಅದೇ ಟ್ರೇ ದುಬಾರಿ. ಇನ್ನೊಂದು ವಿಷಯ, ಕುಳಿ ಸಣ್ಣದು, ಬಿಸಿಲಿಗೆ ಬೇಗ ಒಣಗುತ್ತದೆ. ಹಗಲು ನೀರು ನೋಡುವ ಜನ ಮನೆಯಲ್ಲಿರಬೇಕು.

ಅಡಿಕೆ ಸಸಿಯ ವಿಷಯದಲ್ಲೂ ಹಾಗೆ. ಅದು ಒಂದು ವರ್ಷಕ್ಕೂ ಮಿಕ್ಕಿ ತೊಟ್ಟೆಯಲ್ಲಿರುತ್ತದೆ. 25 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ತೊಟ್ಟೆ ಬೇಕು. ಇಲ್ಲಿ ಹಾಲಿನ ತೊಟ್ಟೆಯಲ್ಲಿ ಸುಧಾರಿಸಲು ಹೋದರೆ ಬೇರು ಸುತ್ತಿಕೊಳ್ಳುತ್ತದೆ. ಬದನೆ ಕೆಟ್ಟರೆ ಮೂರು ತಿಂಗಳ ನಷ್ಟ, ಅಡಿಕೆ ಕೆಟ್ಟರೆ ಗೊತ್ತಾಗುವುದೇ ನಾಲ್ಕೈದು ವರ್ಷ ಕಳೆದ ಮೇಲೆ.

ಇರುವ ಬೀಜ ಪೂರ್ತಿ ಬಿತ್ತಬೇಡಿ

ಕೊನೆಗೆ, ಖರ್ಚೇ ಇಲ್ಲದ ಒಂದು ಕೆಲಸ. ಬಿತ್ತುವ ಮೊದಲು ಸಾಧ್ಯವಿದ್ದರೆ 20 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಣಗದಂತೆ ನೋಡಿಕೊಳ್ಳಿ. ಬಳ್ಳಿ ತರಕಾರಿ ವಾರದೊಳಗೆ, ಬದನೆ, ಮೆಣಸು ಹತ್ತು ಹನ್ನೆರಡು ದಿನದಲ್ಲಿ ಮೊಳೆಯಬೇಕು. 16 ಮೊಳೆತರೆ ಒಳ್ಳೆಯ ಬೀಜ, ಎಂಟೇ ಮೊಳೆತರೆ ಎರಡು ಪಟ್ಟು ಬಿತ್ತಬೇಕು ಎಂದು ಲೆಕ್ಕ. ಮೊಳೆತದ್ದನ್ನು ಎಸೆಯುವುದೂ ಬೇಡ, ಹಾಗೇ ಮಣ್ಣಿಗೆ ದಾಟಿಸಿ.

ಬೇರೆಲ್ಲೂ ಸಿಗದ ಊರ ಬೀಜವಾದರೆ ಅರ್ಧವನ್ನು ಮಾತ್ರ ಬಿತ್ತಿ. ಉಳಿದರ್ಧವನ್ನು ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಗಾಳಿ ಹೋಗದ ಡಬ್ಬಿಯಲ್ಲಿಡಿ. ಅದರಲ್ಲೂ ನಾಲ್ಕು ಬೀಜ ನೆರೆಮನೆಗೆ ಕೊಡಿ. ಹಾಳೆಯಲ್ಲಿ ಬಿತ್ತಿದ್ದು ಒಂದು ಮಳೆಗೆ ಕೊಳೆತು ಹೋದರೂ ಡಬ್ಬಿಯಲ್ಲಿ ಇರುತ್ತದೆ. ಡಬ್ಬಿಗೆ ಹುಳ ಬಿದ್ದರೆ ನೆರೆಮನೆಯಲ್ಲಿ ಇರುತ್ತದೆ.